ಹಿಂದೆ ಖಾಲಿ ಬಸ್ ಬರ್ತಿದೆ

ನನ್ನ ಷಡ್ಡಕನನ್ನು ಊರೆಲ್ಲ ‘ರೈಟಣ್ಣ’ ಎಂದೇ ಕರೆಯುವುದು. ಹುಟ್ಟಿದಾಗ ಅವನು ಅತ್ತನೋ ‘ರೈಟ್’ ಎಂದನೋ ಎಂದು ಹೆತ್ತ ತಾಯಿಗೇ ಅನುಮಾನವಿತ್ತಂತೆ. ಬಸ್ ಕಂಡಕ್ಟರನಾಗಿ ಸೇರಿದವನು, ತಲೆಗೂದಲೆಲ್ಲ ಬಸ್ಸಿನ ಚಾವಣಿಗೆ ಉಜ್ಜಿ ಉಜ್ಜಿ ಉದುರಿಹೋಗುವ ತನಕ ನಿಂತೇ ದುಡಿದ. ನಿವೃತ್ತಿಯಾದ ಮೇಲೂ ಚಾಳಿ ಬಿಡಲಿಲ್ಲ. ನಮ್ಮ ಮಾವ ತೀರಿಕೊಂಡ ದಿನ ಸಂತಾಪಕ್ಕೆ ಬಂದವರಿಗೆಲ್ಲ, ಬಾಗಿಲಲ್ಲಿ ನಿಲ್ಲಬೇಡಿ, ಒಳಗೆ ಹೋಗಿ, ಮಧ್ಯದಲ್ಲಿ ಜಾಗ ಇದೆ ಎನ್ನುತ್ತಿದ್ದ. ಶವದ ಗಾಡಿಯ ಬಾಗಿಲು ಮುಚ್ಚುತ್ತಲೇ ಅದರ ಮೈಗೆ ಟಪ್ ಟಪ್ ಎಂದು ಎರಡೇಟು ಹಾಕಿದವನೂ ಅವನೇ. ಬದುಕಿರುವಾಗ ಎಲ್ಲಿಗೂ ಹೊತ್ತಿಗೆ ಸರಿಯಾಗಿ ಹೊರಡದ ಮಾವ ಅವತ್ತೊಂದು ದಿನ ತಡಮಾಡದೆ ಹೊರಟರು.

ಅವನ ನಿಜವಾದ ವಿದ್ಯೆ ಇದ್ದದ್ದು ಬಲಗೈಯಲ್ಲಿ. ಬಸ್ಸು ತುಂಬಿದಾಗ ಫುಟ್‌ಬೋರ್ಡಿನ ಮೇಲೆ ನಿಂತು, ಸ್ಟಾಪಿನಲ್ಲಿ ಕೈಯೊಡ್ಡುವ ಜನಕ್ಕೆ ಅಂಗೈಯನ್ನು ಸೊಗಸಾಗಿ ಹಿಂದಕ್ಕೆ ತಿರುಗಿಸುತ್ತಿದ್ದ. ‘ಹಿಂದೆ ಖಾಲಿ ಬಸ್ ಬರ್ತಿದೆ’ ಎಂದು ಅದರ ಅರ್ಥ. ಆ ಖಾಲಿ ಬಸ್ಸನ್ನು ಕಣ್ಣಾರೆ ಕಂಡವರು ಇನ್ನೂ ಹುಟ್ಟಿಲ್ಲ. ಅದಕ್ಕೆ ಕಾಯುತ್ತಾ ನಿಂತಲ್ಲೇ ಹುಡುಗರಿಗೆ ಮೀಸೆ ಬಂದಿದೆ, ಮೀಸೆ ಇದ್ದವರಿಗೆ ಹಲ್ಲು ಬಿದ್ದಿದೆ.

ಅವನ ಹೆಂಡತಿ, ಅಂದರೆ ನನ್ನ ಹೆಂಡತಿಯ ಅಕ್ಕ, ನನಗೆ ಅತ್ತಿಗೆ. ಮದುವೆಯಾದಂದಿನಿಂದ ಅವರಿಗೆ ಇದ್ದದ್ದು ಒಂದೇ ಆಸೆ: ಬಸ್ಸಿನಲ್ಲಿ ಗಂಡನ ಪಕ್ಕ ಕೂರುವುದು. ಅವನ ಬಸ್ಸು ಹತ್ತಿದಾಗೆಲ್ಲ ಅವನು ಟಿಕೆಟ್ ಹರಿದು ಕೊಟ್ಟು, ಊರವರಿಗೆ ಹೇಳಿದ ಹಾಗೇ ‘ಮುಂದೆ ಹೋಗಿ’ ಎನ್ನುತ್ತಿದ್ದನಂತೆ. ಹಾಗಾಗಿ ನಾವು ನಾಲ್ವರೂ ಟೂರ್ ಕಂಪನಿಯವರ ಜೊತೆ ಪರದೇಶಕ್ಕೆ ಹೊರಟಾಗ ಅತ್ತಿಗೆ ತಂಗಿಯ ಕಿವಿಯಲ್ಲಿ ಹೇಳಿದ್ದು ಇಷ್ಟೇ: “ಅಲ್ಲಿ ಏನು ನೋಡ್ತೀನೋ ಬಿಡ್ತೀನೋ, ಬಸ್ಸಲ್ಲಿ ಇವರ ಪಕ್ಕ ಕೂತ್ಕೋಬೇಕು ಕಣೇ.”

ಊರು ತೋರಿಸುವ ಆ ಬಸ್ಸಿನ ಕಿಟಕಿ ನಮ್ಮ ಮನೆಯ ಗೋಡೆಗಿಂತ ದೊಡ್ಡದು. ಸೀಟು ಎಷ್ಟು ಮೆತ್ತಗೆ ಎಂದರೆ ಕೂತವರನ್ನು ಇಬ್ಬರು ಹಿಡಿದು ಎಬ್ಬಿಸಬೇಕು. ಅತ್ತಿಗೆ ಕಿಟಕಿಯ ಪಕ್ಕ ಕೂತು ಸೆರಗು ಸರಿಮಾಡಿಕೊಂಡರು. ರೈಟಣ್ಣ ಅವರ ಪಕ್ಕ ಕೂತ. ಕೂತ ಅಂದೆನಲ್ಲ, ಆ ಮಾತು ಮುಗಿಯುವಷ್ಟು ಹೊತ್ತು ಮಾತ್ರ.

ತಪ್ಪು ಗೈಡ್ ಹುಡುಗಿಯದೂ ಇರಬಹುದು. ಕೈಯಲ್ಲಿ ಕೆಂಪು ಛತ್ರಿ ಹಿಡಿದ ಆಕೆ ಪ್ರತಿ ಸ್ಟಾಪಿನಲ್ಲೂ ತಲೆ ಎಣಿಸಿ, ಡ್ರೈವರನ ಹಿಂದಿನ ಗಾಜಿಗೆ ಎರಡು ಸಲ ತಟ್ಟುತ್ತಿದ್ದಳು. ಡ್ರೈವರ್ ತಿರುಗಿಯೂ ನೋಡದೆ ಹೊರಡುತ್ತಿದ್ದ. ಆ ಟಪ್ ಟಪ್ ಕೇಳಿದ್ದೇ ತಡ, ನಮ್ಮವನ ಕಿವಿ ನೆಟ್ಟಗಾಯಿತು. ಮೊದಲ ಸ್ಟಾಪಿನಲ್ಲೇ ಬಾಗಿಲಿಗೆ ಹೋಗಿ ನಿಂತ. ಆ ದೇಶದ ಮುದುಕಿಯರಿಗೆಲ್ಲ ನಮ್ಮ ಭಾಷೆಯಲ್ಲೇ ‘ನಿಧಾನ, ಎಡಗಾಲು ಮೊದಲು’ ಎಂದು ಹೇಳಿ ಇಳಿಸಿದ. ಅವರು ನಕ್ಕು ಕೈಕುಲುಕಿದರು. ಇವನು ಪೂರಿಯ ಹಾಗೆ ಉಬ್ಬಿದ. ಅತ್ತಿಗೆಯ ಪಕ್ಕದಲ್ಲಿ ಮಾತ್ರ ಅವನ ಟೋಪಿ ಕೂತಿತ್ತು.

ಆಮೇಲೆ ಒಂದು ಹಳೆಯ ಸೇತುವೆಯ ಹತ್ತಿರ ಇಳಿದೆವು. ಗಾಳಿ ಹಲ್ಲು ಉದುರಿಸುವಂತಿತ್ತು. ನನ್ನ ಹೆಂಡತಿ ತನ್ನ ಬೂದು ಕೋಟನ್ನು ಅಕ್ಕನಿಗೆ ಹಾಕಿ, ಅದರ ಕುಲಾವಿಯನ್ನೂ ತಲೆಗೆ ಎಳೆದಳು. ಅತ್ತಿಗೆ ಶೌಚಾಲಯದ ಸಾಲಿಗೆ ಹೋದರು. ನಾನೂ ನನ್ನ ಹೆಂಡತಿಯೂ ಬಸ್ಸಿಗೆ ಮರಳಿ ತೂಕಡಿಸಲು ಶುರುಮಾಡಿದೆವು. ಗೈಡ್ ಮುಂದಿನ ಸೀಟಿನಲ್ಲಿ ಕೂತು, ಫೋನಿನಲ್ಲಿ ಊಟದ ಹೋಟೆಲಿನವನ ಜೊತೆ ಜಗಳಕ್ಕೆ ಬಿದ್ದಿದ್ದಳು. ರೈಟಣ್ಣ ಆಕೆಗೆ, ನೀನು ಮಾತಾಡು, ನಾನು ನೋಡಿಕೊಳ್ಳುತ್ತೇನೆ ಎಂದು ಸನ್ನೆಮಾಡಿ ತಲೆ ಎಣಿಸಿದ. ಲೆಕ್ಕ ಸರಿಹೋಯಿತು. ಕೂತಿದ್ದ ಗೈಡನ್ನೂ ಪ್ರಯಾಣಿಕರ ಜೊತೆ ಎಣಿಸಿದರೆ ಸರಿಹೋಗದೆ ಏನು? ಗಾಜಿಗೆ ಟಪ್ ಟಪ್ ಎಂದು ತಟ್ಟಿದ. ಬಸ್ಸು ಹೊರಟಿತು. ಬಾಗಿಲಲ್ಲಿ ನಿಂತವನು ಹೊರಗೆ ಯಾರಿಗೋ ಕೈ ಮಾಡಿದ್ದು ನನ್ನ ಅರೆಗಣ್ಣಿಗೆ ಬಿತ್ತು. ಸೇತುವೆಗೆ ಟಾಟಾ ಹೇಳುತ್ತಿದ್ದಾನೆ ಅಂದುಕೊಂಡೆ.

ನದಿ ದಾಟಿ ಎಷ್ಟೋ ದೂರ ಬಂದ ಮೇಲೆ ನನ್ನ ಹೆಂಡತಿಗೆ ಎಚ್ಚರವಾಯಿತು.

“ಭಾವ, ಅಕ್ಕ ಎಲ್ಲಿ?”

ರೈಟಣ್ಣ ಬಾಗಿಲ ಕಡೆಯಿಂದಲೇ ಹೇಳಿದ: “ಕೂತಿದ್ದಾಳಲ್ಲ.”

“ಅದು ನಿಮ್ಮ ಟೋಪಿ.”

ಗೈಡ್ ಗಾಬರಿಯಲ್ಲಿ ಮೈಕು ಆರಿಸುವುದನ್ನು ಮರೆತು ಡ್ರೈವರನಿಗೆ ವಿಷಯ ಹೇಳಿದಳು. ಹೆಂಡತಿಯನ್ನು ಬಿಟ್ಟುಬಂದ ಗಂಡ ಯಾರು ಎಂದು ಇಡೀ ಬಸ್ಸು ತಿರುಗಿ ನೋಡಿತು. ಆ ಊರಿನ ರಸ್ತೆಗಳೋ, ಬೆಕ್ಕು ಆಡಿದ ನೂಲಿನುಂಡೆ. ಹೋದ ದಾರಿಯಲ್ಲಿ ಹಿಂತಿರುಗುವ ಹಾಗಿಲ್ಲ. ಸುತ್ತುವುದರಲ್ಲಿ ಮುಂದೆ ನೋಡಬೇಕಿದ್ದ ಅರಮನೆ ತಪ್ಪಿತು. ಅದನ್ನೇ ನೋಡಲೆಂದು ಬಂದಿದ್ದ ಮುದುಕನೊಬ್ಬ ಕ್ಯಾಮೆರಾವನ್ನು ಚೀಲಕ್ಕೆ ಹಾಕಿ ಜಿಪ್ ಎಳೆದ ಸದ್ದು ಬೈಗುಳಕ್ಕಿಂತ ಜೋರಾಗಿ ಕೇಳಿಸಿತು. ರೈಟಣ್ಣನ ಕೈ ಹಿಡಿದು ಇಳಿದಿದ್ದ ಮುದುಕಿಯರೂ ಈಗ ಅವನ ಮುಖ ನೋಡಲಿಲ್ಲ. ಆ ಚಳಿಯಲ್ಲೂ ಅವನ ಅಂಗಿ ಬೆನ್ನಿಗೆ ಅಂಟಿತ್ತು. ಭೂಮಿ ಬಾಯಿಬಿಟ್ಟಿದ್ದರೆ ಫುಟ್‌ಬೋರ್ಡಿನಿಂದ ನೇರ ಅದರೊಳಕ್ಕೇ ಇಳಿದುಬಿಡುತ್ತಿದ್ದ.

ಸೇತುವೆಯ ಬಳಿ ಕಲ್ಲುಬೆಂಚಿನ ಮೇಲೆ ಅತ್ತಿಗೆ ಕುಲಾವಿ ಹೊದ್ದು, ತೊಡೆಯ ಮೇಲೆ ಚೀಲ ಇಟ್ಟುಕೊಂಡು ಕೂತಿದ್ದರು. ರೈಟಣ್ಣ ಓಡಿಹೋಗಿ ಎದುರಿಗೆ ನಿಂತ. ಹಿಂದೆಯೇ ಹೋದ ನಾನು, ಅತ್ತಿಗೆ ಅಳುತ್ತಾರೆ ಇಲ್ಲವೇ ಚೀಲದಲ್ಲಿ ಬಾರಿಸುತ್ತಾರೆ ಎಂದುಕೊಂಡಿದ್ದೆ. ಎರಡೂ ಆಗಲಿಲ್ಲ.

“ಓಡ್ತಾ ಬಂದು ಕೈ ಒಡ್ಡಿದೆ. ಹಿಂದೆ ಖಾಲಿ ಬಸ್ ಬರ್ತಿದೆ ಅಂತ ನೀವೇ ಕೈ ಮಾಡಿದ್ರಲ್ಲ ರೀ,” ಎಂದರು. “ಅದನ್ನೇ ಕಾಯ್ತಾ ಕೂತಿದ್ದೆ.”

“ನೀನು ಅಂತ ಗೊತ್ತಾಗ್ಲಿಲ್ಲ ಕಣೇ. ಆ ಕೋಟಲ್ಲಿ...”

“ಗೊತ್ತಾಗಿದ್ರೆ ನಿಲ್ಲಿಸ್ತಿದ್ರಿ, ಬಿಡಿ.” ಅತ್ತಿಗೆ ಚೀಲದ ಹಿಡಿಯನ್ನು ಸುಮ್ಮನೆ ತಿರುಚುತ್ತಿದ್ದರು. “ಅಲ್ಲಾ ರೀ, ಅಷ್ಟು ವರ್ಷ ಅದೆಷ್ಟು ಜನಕ್ಕೆ ಹಿಂಗೆ ಕೈ ಮಾಡಿದ್ರಿ. ಅವರೆಲ್ಲ ಎಷ್ಟೊತ್ತು ಕಾದಿರ್ತಾರೆ?”

ಬಸ್ ನಿಲ್ದಾಣದ ಜಗಳಗಳಲ್ಲಿ ಒಂದು ಮಾತಿಗೆ ಒಂಬತ್ತು ಮಾತು ವಾಪಸು ಕೊಟ್ಟವನು ರೈಟಣ್ಣ. ಆ ಪ್ರಶ್ನೆಗೆ ತನ್ನ ಬಲಗೈಯನ್ನು ಒಮ್ಮೆ ನೋಡಿಕೊಂಡ, ಜೇಬಿಗೆ ತುರುಕಿದ.

ಬಸ್ಸಿನಲ್ಲಿ ಅತ್ತಿಗೆ ಅವನನ್ನು ಕಿಟಕಿಯ ಕಡೆಗೆ ತಳ್ಳಿ, ಏಳುವ ದಾರಿಗೆ ಅಡ್ಡವಾಗಿ ತಾವು ಕೂತರು. ಆಸೆಯೇನೋ ಈಡೇರಿತು, ಈಡೇರಿದ ಮುಖ ಮಾತ್ರ ಇಬ್ಬರಲ್ಲಿ ಯಾರದೂ ಆಗಿರಲಿಲ್ಲ. ಗೈಡ್ ಗಾಜಿಗೆ ತಟ್ಟಿದಾಗ ಅವನ ಕೈ ತಾನಾಗಿ ಅರ್ಧ ಎದ್ದಿತು. ಅತ್ತಿಗೆ ಅದನ್ನು ಹಿಡಿದು ಚೀಲದ ಕೆಳಗಿಟ್ಟು, ಸಂಜೆಯವರೆಗೂ ಬಿಡಲಿಲ್ಲ. ಅಷ್ಟು ದೊಡ್ಡ ಕಿಟಕಿಯ ಪಕ್ಕ ಕೂತೂ ರೈಟಣ್ಣ ಆ ಊರಿನಲ್ಲಿ ನೋಡಿದ್ದು ತನ್ನ ಬೂಟುಗಳನ್ನು.

ಈಗಲೂ ನಮ್ಮ ಸ್ಟಾಪಿನಲ್ಲಿ ತುಂಬಿದ ಬಸ್ಸು ನಿಲ್ಲದೆ ಹೋಗುವುದುಂಟು, ಕಂಡಕ್ಟರ್ ಅಂಗೈ ಹಿಂದಕ್ಕೆ ತಿರುಗಿಸುವುದುಂಟು. ಜನ ಅವನ ಏಳು ತಲೆಮಾರನ್ನೂ ಇಳಿಸಿ ಬೈಯುತ್ತಾರೆ. ರೈಟಣ್ಣ ಬೈಯುವುದಿಲ್ಲ. ತಲೆ ತಗ್ಗಿಸಿಕೊಂಡು, ಪಕ್ಕದಲ್ಲಿ ಯಾರಾದರೂ ಮುದುಕರೋ ಕೂಸು ಎತ್ತಿಕೊಂಡವರೋ ಇದ್ದರೆ ಅವರಿಗೆ ಮಾತ್ರ ಕೇಳುವ ಹಾಗೆ ಹೇಳುತ್ತಾನೆ: “ಕಾಯ್ಬೇಡಿ. ಆ ಬಸ್ ಬರಲ್ಲ.”