ಮೂಸಿ ನೋಡೆಂದರು ಅಕ್ಕನ ಅತ್ತೆ

ಅತ್ತೆಯ ಪರೀಕ್ಷೆಯಲ್ಲಿ ಅಕ್ಕ ಗೆದ್ದಳೆಂದು ನಮ್ಮ ಮನೆಯವರೆಲ್ಲ ಹೇಳುತ್ತಾರೆ. ನನ್ನ ಆಕ್ಷೇಪವಿದೆ, ಅಲ್ಲಿದ್ದವನು ನಾನು, ಅವರಲ್ಲ.

ಫಳ್ನೀರಿನ ಬಾಡಿಗೆ ಮನೆಯಲ್ಲಿ ಅಕ್ಕ ಹೊಸದಾಗಿ ಸಂಸಾರ ಹೂಡಿದ್ದಳು. ಅಡುಗೆ ಇನ್ನೂ ಕೈಗೆ ಹತ್ತಿರಲಿಲ್ಲ. ಅವಳ ಅತ್ತೆ ಬಂದು ಸಾಸಿವೆ, ಮೆಂತೆ, ಅರಶಿನವೆಂದು ಡಬ್ಬಿ ತುಂಬಿಸುತ್ತಿದ್ದರು. ಕೊನೆಗೆ ಹುರಿದು ಪುಡಿಮಾಡಿದ ಮಸಾಲೆಯ ಎರಡು ಪೊಟ್ಟಣ ಬಿಚ್ಚಿದರು. ಎರಡೂ ಒಂದೇ ಕಂದು ಬಣ್ಣ.

"ಮೂಸಿ ನೋಡು ಮಗಾ. ಇದರಲ್ಲಿ ಜೀರಿಗೆ ಯಾವುದು, ಕೊತ್ತಂಬರಿ ಯಾವುದು?"

ಚಿಕ್ಕಂದಿನ ಒಂದು ಜ್ವರದ ನಂತರ ಅಕ್ಕನಿಗೆ ಯಾವ ವಾಸನೆಯೂ ತಿಳಿಯುವುದಿಲ್ಲ. ಸಂಬಂಧ ತಪ್ಪೀತೆಂದು ನಾವದನ್ನು ಮುಚ್ಚಿಟ್ಟಿದ್ದೆವು.

"ಇದೆಂತ ಪರೀಕ್ಷೆ? ಅವಳೇನು ಶಾಲೆಯ ಹುಡುಗಿಯಾ?" ಎಂದು ನಾನು ವಾದಕ್ಕಿಳಿದೆ.

"ನೀನು ಸುಮ್ಮನಿರು ಮಾರಾಯ. ಭಾಷಣ ಎಲ್ಲ ಕಾಲೇಜಿನಲ್ಲಿ."

ಅಕ್ಕ ಎರಡನ್ನೂ ಮೂಸಿದಳು. ಒಂದನ್ನು ತೋರಿಸಿ, "ಜೀರಿಗೆ" ಎಂದಳು. ಅದು ಕೊತ್ತಂಬರಿಯೆಂದು ಪಕ್ಕದಲ್ಲಿದ್ದ ನನ್ನ ಮೂಗಿಗೇ ಬಡಿಯುತ್ತಿತ್ತು.

ಅತ್ತೆ ಅವಳ ಮುಖವನ್ನೇ ನೋಡಿದರು. ನಂತರ "ಸರಿ ಉಂಟು" ಎಂದು, ನನ್ನ ಜೇಬಿನ ಪೆನ್ನು ಕಿತ್ತುಕೊಂಡು ಚೀಟಿ ಬರೆದು, ಅನ್ನದ ಅಗುಳಿನಿಂದ ಪ್ರತಿ ಡಬ್ಬಿಗೂ ಅಂಟಿಸಿದರು. ಎಲ್ಲವೂ ಸರಿಯಾದ ಹೆಸರುಗಳೇ. ಅವರ ಸ್ವಂತ ಅಡುಗೆಮನೆಯಲ್ಲಿ ಒಂದು ಡಬ್ಬಿಗೂ ಚೀಟಿಯಿಲ್ಲ.

ಈಗ ಭಾವನಿಗೂ ಅಕ್ಕನೇ ಎಲ್ಲ ಹೇಳಿದ್ದಾಳೆ, ಯಾರೂ ಜಗಳವಾಡಲಿಲ್ಲ. ಆದರೆ ಅತ್ತೆಯನ್ನು ಅಂದು ಬಾಗಿಲವರೆಗೆ ಕಳಿಸುವಾಗ ನಾನು ಕೇಳಿದ್ದಕ್ಕೆ ಇವತ್ತಿಗೂ ಉತ್ತರ ಬಂದಿಲ್ಲ: "ಮೂಸು ಎನ್ನುವ ಮೊದಲೇ ನಿಮಗೆ ಗೊತ್ತಿತ್ತಾ ಅಮ್ಮಾ?"