ಮೊದಲ ರೇಜರ್ ಆರಿಸಿಕೊಡುವ ಐಲ್ಸಾ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಗಣಿಯೂರು ಬ್ರೋಕನ್ ಹಿಲ್‌ನ ಆಕ್ಸೈಡ್ ಬೀದಿಯಲ್ಲಿ ಒಂದೇ ಒಂದು ಅಂಗಡಿಯ ದೀಪ ಉರಿಯುತ್ತಿದೆ. ಒಳಗೆ ಐಲ್ಸಾ ಟ್ರೆಂಬಾತ್ ಬಿಸಿನೀರನ್ನು ಬೋಗುಣಿಗೆ ಸುರಿದು, ಬ್ರಷ್ಷು ನೆನೆಹಾಕಿ, ಕನ್ನಡಿಯ ಕೆಳಗಿನ ಗೂಡಿನಿಂದ ಮರದ ತಟ್ಟೆಯೊಂದನ್ನು ಎರಡೂ ಕೈಯಲ್ಲಿ ಎತ್ತಿ ತಂದು ಮೇಜಿನ ಮೇಲಿಡುತ್ತಾರೆ.

ತಟ್ಟೆಯ ತುಂಬ ರೇಜರ್‌ಗಳು! ಎರಡಂಚಿನ ಬ್ಲೇಡು ಹಾಕುವ, ಹಿಡಿ ತಿರುಗಿಸಿದರೆ ತಲೆ ಬಿಚ್ಚಿಕೊಳ್ಳುವ, ನಮ್ಮ ಅಪ್ಪಂದಿರ ಕಾಲದ ರೇಜರ್‌ಗಳು. ಗಿಡ್ಡ ಹಿಡಿಯವು, ಉದ್ದ ಹಿಡಿಯವು, ಬಾಚಣಿಗೆಯಂತೆ ಹಲ್ಲು ಕಿರಿದವು, ಹಲ್ಲಿಲ್ಲದೆ ನುಣ್ಣಗಿರುವವು. ಎಲ್ಲವನ್ನೂ ನಿನ್ನೆ ಸಂಜೆಯೇ ಕುದಿಸಿ ಒರೆಸಿಟ್ಟಿದ್ದಾರೆ. ಈ ಊರಿನ ಗಣಿಯವರಲ್ಲಿ ಯಾರೇ ಮೊದಲ ಸಲ ಇಂಥ ರೇಜರ್ ಹಿಡಿಯಬೇಕೆಂದರೂ ಈ ತಟ್ಟೆಯ ಮುಂದೆಯೇ ಬಂದು ನಿಲ್ಲಬೇಕು. ಪತ್ರಿಕೆಗೆ ಬರೆಯುತ್ತ ಇಲ್ಲೇ ನೆಲೆಸಿ ಕೂದಲು ನೆರೆಸಿಕೊಂಡ ನನ್ನ ಗಲ್ಲಕ್ಕೂ ಈ ತಟ್ಟೆಯ ಋಣವಿದೆ.

"ಇದು ಮಾರೋಕಲ್ಲ," ಎನ್ನುತ್ತಾರೆ ಐಲ್ಸಾ. "ಮೊದ್ಲು ಮನೆಗೆ ಒಯ್ಯಲಿ. ಒಂದು ವಾರ ಸಂಸಾರ ಮಾಡ್ಲಿ. ಹೊಂದಾಣಿಕೆ ಆದ್ರೆ ಅಂಥದ್ದೇ ಒಂದನ್ನ ಕೊಂಡ್ಕೊಳ್ಲಿ. ಆಗ್ಲಿಲ್ವಾ, ವಾಪಸ್ ತಂದು ಇನ್ನೊಂದು ಎತ್ಕೊಳ್ಲಿ. ಹೆಂಡತಿ ವಿಷ್ಯದಲ್ಲಿ ಈ ಸೌಕರ್ಯ ಇಲ್ಲ ನೋಡು!"

ಅರವತ್ತು ದಾಟಿದ ಹೆಂಗಸು. ಕುಳ್ಳಿ, ಅಗಲ ಭುಜ, ಬಾಯಿ ಜೋರು, ಕೈ ಮಾತ್ರ ಹೂವಿನಷ್ಟು ಹಗುರ. ಬೆಳಗಿನ ಪಾಳಿಯವರು ಗಣಿಗೆ ಇಳಿಯುವ ಮುಂಚೆ ಬರುತ್ತಾರೆಂದು ಊರು ಏಳುವ ಮೊದಲೇ ಬಾಗಿಲು ತೆರೆಯುತ್ತಾರೆ. ಏಳೆಂಟು ಗಲ್ಲಗಳು ಮುಗಿಯುವ ಹೊತ್ತಿಗೆ ಸೂರ್ಯ ಅದಿರುಗುಡ್ಡದ ಮೇಲೆ ಬಂದಿರುತ್ತಾನೆ. ಆಮೇಲೆ ತುರಿದ ಚೀಸು, ಕ್ಯಾರೆಟ್ಟು ಕಲಸಿ ಹಚ್ಚಿದ ಬ್ರೆಡ್ಡು ತಿಂದು, ಮಧ್ಯಾಹ್ನದವರೆಗೆ ನಿಂತೇ ಇರುತ್ತಾರೆ.

ಗಣಿಯವರಿಗೆ ಗಡ್ಡದ ಗೊಡವೆ ಯಾಕೆ ಎನ್ನುತ್ತೀರಾ? ಕೆಳಗಿನ ದೂಳು ಒಳಹೋಗದಂತೆ ಮೂಗು ಬಾಯಿ ಮುಚ್ಚುವ ರಬ್ಬರ್ ಮುಖವಾಡವಿದೆ. ಅದರ ಅಂಚಿಗೂ ಚರ್ಮಕ್ಕೂ ನಡುವೆ ಕುರುಚಲು ಬಂತೋ, ಗಾಳಿ ಸೋರಿತು, ಗಾಳಿಯ ಜೊತೆ ದೂಳೂ ಒಳಗೆ. ಹಾಗಾಗಿ ಗಲ್ಲ ನುಣುಪಾಗಿರಬೇಕು, ಅದೂ ದಿನಾ. ಮುಖವಾಡ ಹಾಕಿಸಿ, ಸೋರುತ್ತದೆಯೋ ಇಲ್ಲವೋ ಎಂದು ಯಂತ್ರದಲ್ಲಿ ನೋಡುವ ಪರೀಕ್ಷೆಯೂ ಇದೆ.

ಇವತ್ತು ಬಾಗಿಲು ತಳ್ಳಿಕೊಂಡು ಬಂದವನು ವೈಸಾಕೆ. ಫಿಜಿಯ ಚಿನ್ನದ ಗಣಿಯಿಂದ ಇಲ್ಲಿಗೆ ಬಂದವನು. ಬಾಗಿಲಿಗೆ ಅಡ್ಡ ನಿಂತರೆ ಬೀದಿಯೇ ಕಾಣದಷ್ಟು ದೊಡ್ಡ ಆಳು. ಆದರೆ ಕತ್ತು ನೋಡಿದರೆ ಅಯ್ಯೋ ಅನಿಸುತ್ತದೆ. ತುಂಬ ಕೆಂಪು ಗುಳ್ಳೆ, ಅಲ್ಲಲ್ಲಿ ಗೀರು. ಅವನ ಹಿಂದೆಯೇ ಹಲ್ಲು ಕಿರಿಯುತ್ತ ಬಂದವರು ಕ್ಲೆಮ್ ಪ್ಯಾಸ್ಕೊ, ಅವನ ತಂಡದ ಹಿರಿಯರು, ಕುತ್ತಿಗೆಗೆ ಬೆಳಬೆಳಗ್ಗೆಯೇ ಮಫ್ಲರ್ ಸುತ್ತಿದ್ದಾರೆ.

"ಬುಲಾ," ಎಂದು ತನ್ನ ಊರಿನ ರೀತಿಯಲ್ಲಿ ನಮಸ್ಕರಿಸುತ್ತಾನೆ ವೈಸಾಕೆ. ಕೈಯಲ್ಲಿ ಒಂದು ಕಾಗದದ ಚೀಲ.

"ನಿನ್ನ ಬುಲಾ ಆಮೇಲೆ. ಮೊದ್ಲು ಕತ್ತು ಮೇಲೆತ್ತು," ಎನ್ನುತ್ತಾರೆ ಐಲ್ಸಾ. "ದೇವ್ರೇ, ಇದನ್ನ ರೇಜರ್‌ನಲ್ಲಿ ಮಾಡ್ದ್ಯೋ, ತುರಿಯೋ ಮಣೇಲಿ ಮಾಡ್ದ್ಯೋ?"

ಕ್ಲೆಮ್ ಎದೆಯುಬ್ಬಿಸುತ್ತಾರೆ. "ನಾನೇ ಕೊಡಿಸಿದ್ದು, ಐಲ್ಸಾ. ಆಳಿಗೆ ತಕ್ಕ ಆಯುಧ!"

ಚೀಲದಿಂದ ಹೊರಬಂದ ರೇಜರ್ ನೋಡಿ ನಾನು ಬಾಯಿ ಕಳೆದೆ. ಗದೆಯಂಥ ತೂಕ. ತಲೆಗೆ ಮೊಸಳೆಯ ಹಲ್ಲು. ಗಣಿಯವರು ಯಾವಾಗಲೂ ಮಾಡುವ ತಪ್ಪು ಇದೇ ಎನ್ನುತ್ತಾರೆ ಐಲ್ಸಾ. ಯಂತ್ರ ಆರಿಸಿದ ಹಾಗೆ ರೇಜರ್ ಆರಿಸುತ್ತಾರೆ, ದೊಡ್ಡದಿದ್ದಷ್ಟೂ ಒಳ್ಳೆಯದು, ಕಚ್ಚಿದಷ್ಟೂ ಒಳ್ಳೆಯದು ಅಂತ.

ವೈಸಾಕೆಯದು ನಗುವ ವಿಷಯವಲ್ಲ. ಅವನು ಗಣಿಯ ರಕ್ಷಣಾ ತಂಡಕ್ಕೆ ಆಯ್ಕೆಯಾಗಿದ್ದಾನೆ. ಮುಖವಾಡದ ಪರೀಕ್ಷೆಯಲ್ಲಿ ಹೋದ ತಿಂಗಳು ಗಾಳಿ ಸೋರಿತು. ಬರುವ ಗುರುವಾರ ಇನ್ನೊಂದೇ ಅವಕಾಶ. ಅವತ್ತೂ ಸೋರಿದರೆ ಅವನ ಜಾಗ ಬೇರೆಯವನಿಗೆ.

"ಊರಲ್ಲಿ ನಮ್ಮಣ್ಣ ಕಲ್ಲಿನಡಿ ಸಿಕ್ಹಾಕ್ಕೊಂಡಿದ್ದ," ಎನ್ನುತ್ತಾನೆ ಮೆಲ್ಲಗೆ. "ರಕ್ಷಣಾ ತಂಡದೋರು ಇಡೀ ದಿನ ಅಗೆದು ಅವನನ್ನ ಜೀವಂತ ತಂದ್ರು. ಆ ತಂಡದ ಟೋಪಿ ನಾನೂ ಹಾಕ್ಬೇಕು ಅಂತ ಅವತ್ತೇ ಅಂದ್ಕೊಂಡೆ. ಈಗ ಒಂದು ಗಡ್ಡದ ಕೂದಲು ನನ್ನ ತಡೀತಿದೆ, ಅಮ್ಮಾ. ಯಾರಿಗೆ ಹೇಳ್ಲಿ?"

ಐಲ್ಸಾರ ಮುಖದಿಂದ ತಮಾಷೆ ಇಳಿದು ಹೋಗುತ್ತದೆ. ತಟ್ಟೆಯನ್ನು ಅವನ ಕಡೆಗೆ ತಿರುಗಿಸುತ್ತಾರೆ. "ಆರಿಸು."

ಅವನ ಕೈ ಸೀದಾ ಹೋಗಿದ್ದು ಮತ್ತೊಂದು ಹಲ್ಲಿನ ರೇಜರ್‌ಗೆ! ಐಲ್ಸಾ ಆ ಕೈಯ ಮೇಲೆ ಪಟ್ಟೆಂದು ಹೊಡೆಯುತ್ತಾರೆ.

"ಹಲ್ಲಿರೋದು ವಾರಗಟ್ಲೆ ಬೆಳೆದ ಗಡ್ಡಕ್ಕೆ. ನೀನು ದಿನಾ ಬೋಳಿಸೋನು. ಇಲ್ನೋಡು, ಈ ತಲೆಗೂ ಬ್ಲೇಡಿಗೂ ನಡುವೆ ಸಂದು ಕಾಣ್ತಿದ್ಯಲ್ಲ? ಸಂದು ದೊಡ್ಡದಾದಷ್ಟೂ ಬ್ಲೇಡು ಮೂತಿ ಹೊರಗೆ ಹಾಕಿ ಕಚ್ಚುತ್ತೆ. ಕಲಿಯೋನಿಗೆ ಸಂದು ಚಿಕ್ಕದಿರ್ಬೇಕು. ತಿರುಪಿ ಸಂದು ಹಿಗ್ಗಿಸಿ ಕುಗ್ಗಿಸೋ ರೇಜರ್ರೂ ಬೇಡ. ಅದು ಕೈಗೆ ಬಂದ್ರೆ ನೀನು ದಿನಾ ಅದನ್ನೇ ತಿರುಪ್ತಾ ಕೂರ್ತೀಯ, ಕೈ ಕಲಿಯೋದೇ ಇಲ್ಲ."

"ಸಂದು ಚಿಕ್ಕದಿರೋದು ಬುಡದ ತನಕ ತೆಗೆಯುತ್ತಾ?" ವೈಸಾಕೆಗೆ ಅನುಮಾನ.

"ತೆಗೀಬಾರ್ದು! ನಿನ್ನದು ಗುಂಗುರು ಕೂದಲು. ಚರ್ಮದಿಂದ ಕೆಳಗೆ ಕತ್ತರಿಸಿದ್ರೆ ಅದು ಬೆಳೆಯೋವಾಗ ಒಳಗೇ ಸುರುಳಿ ಸುತ್ಕೊಂಡು ಗುಳ್ಳೆ ಆಗುತ್ತೆ. ಗುಳ್ಳೆ ಮೇಲೆ ಮುಖವಾಡ ಕೂತ್ರೆ ಸೋರ್ದೆ ಇನ್ನೇನು? ನಾಕಾರು ಬ್ಲೇಡಿನ ಪ್ಲಾಸ್ಟಿಕ್ ರೇಜರ್ ಮೊದಲು ನಿನ್ನ ಕೆಡಿಸ್ತು. ಈ ಮೊಸಳೆ ಮಿಕ್ಕಿದ್ದು ಮುಗಿಸ್ತು. ನಿಂಗೆ ಬೇಕಾಗಿರೋದು ಚರ್ಮದ ಮಟ್ಟಕ್ಕೆ ಕತ್ತರಿಸಿ ಸುಮ್ನಾಗೋ ಅಂಥದ್ದು."

ಕೊನೆಗೆ ಅವರು ಎತ್ತಿ ಕೊಟ್ಟಿದ್ದು ಮೂಲೆಯಲ್ಲಿದ್ದ, ಯಾರೂ ಮುಟ್ಟದ, ಸಾದಾ ಬೆಳ್ಳಿಬಣ್ಣದ ಪುಟ್ಟ ರೇಜರ್. ಹಲ್ಲಿಲ್ಲ, ಹೊಳಪಿಲ್ಲ. ಮೂಗಿನ ಕೆಳಗೂ ತೂರುವಷ್ಟು ತೆಳ್ಳನೆ ತಲೆ. ವೈಸಾಕೆಯ ಅಂಗೈಯಲ್ಲಿ ಅದು ಟೂತ್‌ಬ್ರಷ್ಷಿನಂತೆ ಕಾಣುತ್ತದೆ.

ಕ್ಲೆಮ್ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. "ಮಗಾ, ಇದು ನಿನ್ನ ತೊಟ್ಟಿಲಲ್ಲಿ ಇಟ್ಟಿದ್ರಾ?"

"ನಿನ್ನ ಬಾಯಿಗೊಂದು ಮುಖವಾಡ ಹಾಕಿಸ್ತೀನಿ, ಕ್ಲೆಮ್," ಎನ್ನುತ್ತಾರೆ ಐಲ್ಸಾ, ತಿರುಗಿಯೂ ನೋಡದೆ.

ಆಮೇಲೆ ನಡೆದದ್ದನ್ನು ನೋಡಬೇಕಿತ್ತು ನೀವು! ವೈಸಾಕೆ ನೊರೆ ಬಳಿದುಕೊಂಡು ರೇಜರ್ ಹಿಡಿದರೆ ಬಂಡೆ ಕೊರೆಯಲು ಹೊರಟವನ ಹಾಗೆ ಮೊಣಕೈ ಬಿಗಿದು ಹಲ್ಲು ಕಚ್ಚಿದ್ದಾನೆ. ಐಲ್ಸಾ ಅದನ್ನು ಕಿತ್ತುಕೊಂಡು ಹಿಡಿಗೆ ಚೆನ್ನಾಗಿ ಸೋಪು ಸವರುತ್ತಾರೆ. ಇದು ಅವರದೇ ಉಪಾಯ, ಬೇರೆಲ್ಲೂ ನಾನು ಕಂಡಿಲ್ಲ. ಒತ್ತಿ ಹಿಡಿದರೆ ರೇಜರ್ ಮೀನಿನಂತೆ ಜಾರಿ ಬೋಗುಣಿಗೆ ಬೀಳುತ್ತದೆ. ವೈಸಾಕೆಯದು ಮತ್ತೆ ಮತ್ತೆ ಬಿತ್ತು. ಅವನ ಕಣ್ಣಲ್ಲಿ ನೀರು ಬರುವುದೊಂದೇ ಬಾಕಿ.

"ಕೆಳಗೆ ಹೋದ ತಕ್ಷಣ ಮೊದ್ಲು ಏನ್ ಮಾಡ್ತೀಯ?" ಐಲ್ಸಾ ಇದ್ದಕ್ಕಿದ್ದಂತೆ ಕೇಳುತ್ತಾರೆ.

"ಸರಳಿಂದ ಮೇಲಿನ ಬಂಡೆ ತಟ್ತೀನಿ."

"ಜೋರಾಗಾ?"

"ಇಲ್ಲಮ್ಮ. ಹಗುರಕ್ಕೆ. ತಟ್ಟಿ ಕಿವಿ ಕೊಡ್ಬೇಕು. ಗಟ್ಟಿ ಬಂಡೆ ಠಣ್ ಅನ್ನುತ್ತೆ. ಸಡಿಲ ಆಗಿದ್ರೆ ಒಡಕು ಮಡಕೆ ಥರ..." ವೈಸಾಕೆ ಅರ್ಧಕ್ಕೇ ನಿಲ್ಲಿಸುತ್ತಾನೆ. ಕಣ್ಣರಳುತ್ತದೆ. "ಇದಕ್ಕೂ ಸದ್ದು ಇದ್ಯಾ?"

"ಹಾಗೇ ಹಗುರಕ್ಕೆ ಎಳೆದು ನೋಡು. ಓರೆ ಸರಿಯಾದ್ರೆ ತಾನೇ ಹಾಡುತ್ತೆ."

ಈಗ ಅವನು ಎರಡು ಬೆರಳಲ್ಲಿ ಹಿಡಿಯ ತುದಿಯನ್ನಷ್ಟೇ ಹಿಡಿಯುತ್ತಾನೆ. ಕಣ್ಣು ಮುಚ್ಚುತ್ತಾನೆ. ಗಲ್ಲದ ಮೇಲೆ ರೇಜರ್ ತನ್ನ ತೂಕದಲ್ಲೇ ಇಳಿಯುತ್ತದೆ. ಸದ್ದೇ ಇಲ್ಲ. ಮಣಿಕಟ್ಟನ್ನು ಕೂದಲೆಳೆಯಷ್ಟು ಬಾಗಿಸುತ್ತಾನೆ. ಚರ್... ಚರ್... ಚರ್... ಒಣಗಿದೆಲೆ ಮೇಲೆ ಯಾರೋ ನಡೆದಂಥ ಸದ್ದು! ಕ್ಲೆಮ್ ನಗು ನಿಲ್ಲಿಸಿ ಹತ್ತಿರ ಬಂದು ಬಗ್ಗಿ ಕೇಳಿಸಿಕೊಳ್ಳುತ್ತಿದ್ದಾರೆ.

"ಕೂದಲು ಬೆಳೆದ ದಿಕ್ಕಲ್ಲೇ ಎಳಿ, ಎದುರು ಬೇಡ," ಎನ್ನುತ್ತಾರೆ ಐಲ್ಸಾ. "ಗುರುವಾರದ ತನಕ ಇದೇ ರೇಜರ್ರು, ಇದೇ ಬ್ಲೇಡಿನ ಪೊಟ್ಟಣ. ಎರಡನ್ನೂ ಒಟ್ಟಿಗೆ ಬದಲಾಯಿಸಿದ್ರೆ ತಪ್ಪು ಯಾರದ್ದು ಅಂತ ಗೊತ್ತಾಗಲ್ಲ. ಕೈ ಕುದುರಿದ ಮೇಲೆ ಬೇರೆ ಬೇರೆ ಬ್ಲೇಡು ಹಾಕಿ ನೋಡು. ಒಬ್ರಿಗೆ ಬೆಣ್ಣೆ ಆಗಿದ್ದು ಇನ್ನೊಬ್ರಿಗೆ ಮುಳ್ಳು."

ಅವರಿಬ್ಬರೂ ಪಾಳಿಗೆ ಹೋದ ಮೇಲೆ ನಾನು ಐಲ್ಸಾರ ಹಳೆಯ ದಿನಗಳನ್ನು ಕೆದಕುತ್ತೇನೆ. ಅಪ್ಪನೂ ಗಣಿಯವರೇ. ಆಗ ಮುಖವಾಡವೆಂದರೆ ಬಾಯಿಗೆ ಕಟ್ಟಿದ ಒದ್ದೆ ಬಟ್ಟೆ. ದೂಳು ಪುಪ್ಪುಸಕ್ಕೆ ಇಳಿದು, ಕೆಳಗೆ ಹೋಗಲಾರದೆ ಆ ಮನುಷ್ಯ ಇದೇ ಕುರ್ಚಿ ಹಾಕಿ ಕ್ಷೌರಕ್ಕೆ ನಿಂತರು. ಕೆಮ್ಮು ಬಂದರೆ ಕೈ ನಡುಗುತ್ತಿತ್ತು. ಆಗ ಮಗಳು ಕತ್ತಿ ಹಿಡಿದಳು.

"ಶಾಲೆ ಬಿಟ್ಟೆ. ಹೆಣ್ಣುಹುಡ್ಗಿ ಕೈಗೆ ಕತ್ತು ಕೊಡಲ್ಲ ಅಂತ ಎದ್ದು ಹೋದೋರು ಎಷ್ಟು ಜನ! ಅಪ್ಪ ಹೋದ್ಮೇಲಂತೂ ಕುರ್ಚಿ ಖಾಲಿ ಬಿದ್ದಿರ್ತಿತ್ತು, ಹೋಟ್ಲಲ್ಲಿ ತಟ್ಟೆ ತೊಳೆದು ಬಾಡಿಗೆ ಕಟ್ಟಿದೀನಿ," ಎನ್ನುತ್ತಾರೆ. ದನಿಯಲ್ಲಿ ಕಹಿಯಿಲ್ಲ. "ನಮ್ಮದು ತಗಡಿನ ಮನೆ. ಅಪ್ಪನ ಉಸಿರು ಗೋಡೆ ಆಚೆಗೂ ಕೇಳ್ತಿತ್ತು. ಸುಯ್ ಸುಯ್ ಅಂತ. ಅದು ಕೇಳ್ತಾನೇ ನಿದ್ದೆ ಮಾಡ್ತಿದ್ದೆ. ನಿಂತು ಹೋದ್ರೆ ಎಚ್ಚರ ಆಗ್ತಿತ್ತು."

ಅಂಥ ಮನೆಯ ಮಗಳು ಪರರ ಗಲ್ಲದ ಮೇಲೆ ಇಷ್ಟು ಜೀವ ಯಾಕೆ ಇಟ್ಟಿದ್ದಾರೆಂದು ನಾನು ಮತ್ತೆ ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ.

ಗುರುವಾರ ಬಂತು. ಐಲ್ಸಾಗಿಂತ ನನಗೇ ಚಡಪಡಿಕೆ ಹೆಚ್ಚು. ಹತ್ತು ಗಂಟೆಗೆ ಹೋಗಿ ಕೂತೆ. ಅವರು ಒಬ್ಬರ ಕತ್ತಿನ ಹಿಂದೆ ಕೂದಲು ಕತ್ತರಿಸುತ್ತಿದ್ದರು, ಕಣ್ಣು ಮಾತ್ರ ಬೀದಿಯ ಮೇಲೆ. ಚೀಸಿನ ಬ್ರೆಡ್ಡು ತಟ್ಟೆಯಲ್ಲೇ ಒಣಗುತ್ತಿತ್ತು.

ಬಾಗಿಲು ದಡಾರನೆ ತೆರೆಯಿತು. ಕ್ಲೆಮ್! ಅವರ ಹಿಂದೆ ವೈಸಾಕೆ. ಗಲ್ಲ ತೊಳೆದಿಟ್ಟ ಬದನೆಕಾಯಿಯಂತೆ ನುಣ್ಣಗೆ ಮಿಂಚುತ್ತಿದೆ.

"ಏನಾಯ್ತ್ರೋ, ಬೊಗಳ್ರೋ!" ಐಲ್ಸಾ ಕತ್ತರಿ ಎತ್ತಿ ಹಿಡಿದು ಕೂಗುತ್ತಾರೆ.

"ಯಂತ್ರ ಕೆಟ್ಟಿದೆ ಅಂದ್ಕೊಂಡು ಎರಡು ಸಲ ನೋಡಿದ್ರು," ಎನ್ನುತ್ತಾನೆ ವೈಸಾಕೆ. "ಎರಡು ಸಲಾನೂ ಹಸಿರು ದೀಪ. ಸೋರ್ಲಿಲ್ಲ, ಅಮ್ಮಾ! ತಂಡದಲ್ಲಿದೀನಿ!"

ಕುರ್ಚಿಯಲ್ಲಿದ್ದ ಗಿರಾಕಿಯೂ ಅರ್ಧ ಕತ್ತರಿಸಿದ ತಲೆಯಲ್ಲೇ ಎದ್ದು ಚಪ್ಪಾಳೆ ತಟ್ಟುತ್ತಾನೆ. ಗದ್ದಲ ಇಳಿದ ಮೇಲೆ ಕ್ಲೆಮ್ ತಟ್ಟೆಯ ಹತ್ತಿರ ಹೋಗಿ ನಿಲ್ಲುತ್ತಾರೆ. ಮಫ್ಲರ್ ಬಿಚ್ಚುತ್ತಾರೆ. ಅವರ ಕತ್ತೂ ಕೆಂಪು ಕೆಂಪು!

"ಆ ತೊಟ್ಟಿಲಿನ ರೇಜರ್ ಇನ್ನೊಂದು ಇದ್ಯಾ?" ಎಂದು ಗೊಣಗುತ್ತಾರೆ.

"ಆಳಿಗೆ ತಕ್ಕ ಆಯುಧ ಬೇಡ್ವೇನೋ?" ಎಂದು ಐಲ್ಸಾ ನಗುತ್ತಾರೆ, ಆದರೆ ಕೈ ಆಗಲೇ ಹುಡುಕುತ್ತಿದೆ.

ನಾನು ನನ್ನ ಪತ್ರಕರ್ತ ಬುದ್ಧಿಯಂತೆ ಕೊನೆಯ ಪ್ರಶ್ನೆ ಕೇಳುತ್ತೇನೆ. ನಿಮಗೇನಾದರೂ ಆಸೆ ಇದೆಯಾ? ದೊಡ್ಡ ಅಂಗಡಿ, ಹೊಸ ಕುರ್ಚಿ? ಅವರು ವೈಸಾಕೆಯ ಕಡೆ ತಿರುಗುತ್ತಾರೆ.

"ಮುಖವಾಡ ತಂದಿದ್ಯಾ? ಒಂದ್ಸಲ ಹಾಕ್ಕೊಂಡು ಉಸಿರಾಡು. ಇಷ್ಟು ಜನಕ್ಕೆ ರೇಜರ್ ಕೊಟ್ಟೆ, ಸೋರ್ದೇ ಇರೋದು ಹೇಗಿರುತ್ತೆ ಅಂತ ಕೇಳೇ ಇಲ್ಲ."

ವೈಸಾಕೆ ಚೀಲದಿಂದ ಮುಖವಾಡ ತೆಗೆದು ಬಿಗಿದುಕೊಳ್ಳುತ್ತಾನೆ. ಗಿರಾಕಿ ಬಿಟ್ಟುಕೊಟ್ಟ ಕುರ್ಚಿಯಲ್ಲಿ ಕೂರುತ್ತಾನೆ. ಐಲ್ಸಾ ಬಗ್ಗಿ, ರಬ್ಬರಿನ ಅಂಚು ಗಲ್ಲಕ್ಕೆ ಕೂತಿರುವಲ್ಲಿ ಕಿವಿ ಇಡುತ್ತಾರೆ. ಅವನ ದೊಡ್ಡ ಎದೆ ಏರುತ್ತದೆ, ಇಳಿಯುತ್ತದೆ. ಮುಖವಾಡದ ಕವಾಟದ ಸಣ್ಣ ಟಪ್ ಟಪ್ ಬಿಟ್ಟರೆ ಅಂಗಡಿಯಲ್ಲಿ ಸದ್ದಿಲ್ಲ. ಅವರು ಈ ಗಲ್ಲಕ್ಕೆ ಕಿವಿಗೊಡುತ್ತಾರೆ, ಸುತ್ತಿ ಬಂದು ಆ ಗಲ್ಲಕ್ಕೆ ಕಿವಿಗೊಡುತ್ತಾರೆ.

"ಸುಯ್ ಅಂತಿಲ್ಲ," ಎನ್ನುತ್ತಾರೆ ಐಲ್ಸಾ. ಕಣ್ಣು ತುಂಬಿದೆ, ಮುಖ ಮಾತ್ರ ಅರಳಿದೆ. "ಅಪ್ಪಾ, ಕೇಳ್ಕೋ. ಏನೂ ಕೇಳಿಸ್ತಿಲ್ಲ."