ಮಲಗಿದ ಎತ್ತು, ತಣ್ಣಗಿದ್ದ ಲಾರಿ

ಬಣ್ಣದ ಹೊಳಪಿಗೆ ಮರುಳಾಗಿ, ಸೇನೆ ಹರಾಜು ಹಾಕಿದ್ದ ಲಾರಿಗಳನ್ನು ಕೊಂಡು ಮಾರುವವರ ಅಂಗಳದಲ್ಲಿ ಹಳೆಯ ಲಾರಿಯೊಂದಕ್ಕೆ ನಾನು ‘ಹೂಂ’ ಎನ್ನುವಷ್ಟರಲ್ಲಿ ದೊಡ್ಡಪ್ಪ ಬಾನೆಟ್ ಎತ್ತಿಸಿ ಎಂಜಿನ್ ಮೇಲೆ ಅಂಗೈ ಇಟ್ಟರು. ನಮ್ಮೂರು ತಿಗನಾರೆಯಲ್ಲಿ ಎಲ್ಲರಿಗೂ ಎತ್ತು ಆರಿಸಿಕೊಡುವ ಅವರಿಗೆ ಲಾರಿಯ ಗಂಧವೇ ಇರಲಿಲ್ಲ.

“ಬಿಸಿ ಅದೆ ಕಣ್ಲಾ, ನಾವು ಬರೋಕ್ ಮುಂಚೇನೇ ಎಬ್ಬುಸ್ಬುಟ್ಟವ್ರೆ. ಮನಗಿರೋ ಎತ್ತು ಎಂಗ್ ಏಳ್ತದೆ ಅಂತ ನೋಡ್ಬೇಕು!” ಎಂದರು.

ಅದು ತಣಿಯುವವರೆಗೂ ಕಾದೆವು. ಆಮೇಲೆ ಎಷ್ಟು ಸಲ ಕೀಲಿ ತಿರುಗಿಸಿದರೂ ಎಂಜಿನ್ ಬರೀ ಕೆಮ್ಮಿತು. ಮೂಲೆಯಲ್ಲಿ ತಣ್ಣಗೆ ನಿಂತಿದ್ದ, ಬಣ್ಣ ಮಾಸಿದ ಇನ್ನೊಂದು ಲಾರಿ ಒಂದೇ ಸಲಕ್ಕೆ ಗುಡುಗಿತು. ಅದನ್ನೇ ತಂದೆವು.

ಈಗ ಮಂಜು ಕವಿದ ಬೆಳಗಿನಲ್ಲೂ ಕೋಸು ತುಂಬಿಕೊಂಡು ದಿಂಬಂ ಘಾಟಿಗೆ ನಿಶ್ಚಿಂತೆಯಿಂದ ಹೊರಡುತ್ತೇನೆ. ದೊಡ್ಡಪ್ಪ ಮಾತ್ರ ಲಾರಿಯ ಮೂತಿ ಸವರದೆ ಕಳಿಸುವುದಿಲ್ಲ.